ಮೂರು ಸಲ ಮುರಿದ ಫೋರ್ಕ್

ಜುಲೈ ಬಂತೆಂದರೆ ನನ್ನ ಮೊಬೈಲ್ ಡೇಟಾ ಮಧ್ಯಾಹ್ನವೇ ಖಾಲಿ. ಕೊಟ್ಟೂರಿನಲ್ಲಿ ನಮ್ಮಪ್ಪನದೊಂದು ಸಣ್ಣ ವೆಲ್ಡಿಂಗ್ ಶಾಪ್ ಇದೆ. ಸಂಜೆಯಾದ ಮೇಲೆ ಅದರ ಮೂಲೆಯಲ್ಲಿ ಖಾಲಿ ಪೇಂಟ್ ಡಬ್ಬದ ಮೇಲೆ ಕೂತು, ಫೋನನ್ನು ಗೋಡೆಗೆ ಒರಗಿಸಿಟ್ಟು ನಾನು ಟೂರ್ ಡಿ ಫ್ರಾನ್ಸ್ ನೋಡುತ್ತೇನೆ. ಶಾಪಿಗೆ ಬಂದವರು ಬಗ್ಗಿ ಇಣುಕುತ್ತಾರೆ. ಕ್ರಿಕೆಟ್ ಸ್ಕೋರ್ ಎಷ್ಟಾಯಿತು ಅಂತ ಕೇಳಲು ಬಂದವರಿಗೆ ಸೈಕಲ್ ತುಳಿಯುವವರು ಕಾಣಿಸುತ್ತಾರೆ. ಇದೇನವ್ವ, ಸೈಕಲ್ ಹೊಡಿಯೋದನ್ನೂ ನೋಡ್ತಾರಾ ಅಂತ ನಗುತ್ತಾರೆ. ನೋಡ್ತಾರೆ. ನಾನು ನೋಡುತ್ತೇನೆ, ಅದೂ ದಿನಕ್ಕೆ ನಾಲ್ಕೈದು ತಾಸು, ಮೂರು ವಾರ.

ಈ ಹುಚ್ಚು ಹತ್ತಿದ್ದು ಪದವಿ ಮುಗಿಸಿ ಮನೆಯಲ್ಲಿ ಕೂತ ಮೇಲೆ. ಕೂತೆ ಅನ್ನುವುದು ಊರವರ ಮಾತು. ನನ್ನ ಲೆಕ್ಕದಲ್ಲಿ ನಾನು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೆ. ಮೊದಲ ಸಲ ಎರಡು ಅಂಕದಲ್ಲಿ ಹೋಯಿತು. ಎರಡನೇ ಸಲ ಪರೀಕ್ಷೆಗೆ ನಾಲ್ಕು ದಿನ ಇರುವಾಗ ಅಮ್ಮನಿಗೆ ತುರ್ತು ಆಪರೇಷನ್ ಆಯಿತು. ಹಾಲ್ ಟಿಕೆಟ್ ಪರ್ಸಿನಲ್ಲೇ ಉಳಿಯಿತು, ನಾನು ಆಸ್ಪತ್ರೆಯ ಕಾರಿಡಾರಿನಲ್ಲಿ ಉಳಿದೆ. ಅಮ್ಮ ಹುಷಾರಾದರು. ಆದರೆ ಆಮೇಲೆ ಕೆಲವು ತಿಂಗಳು ಪುಸ್ತಕ ಮುಟ್ಟಲು ಮನಸ್ಸೇ ಬರಲಿಲ್ಲ. ಆ ದಿನಗಳಲ್ಲೇ ಫೋನಿನಲ್ಲಿ ಒಂದು ಬೆಟ್ಟ, ಅದರ ಮೇಲೆ ಇರುವೆ ಸಾಲಿನಂತೆ ಹತ್ತುತ್ತಿದ್ದ ಸೈಕಲ್‌ಗಳು ಕಂಡವು. ಸುಮ್ಮನೆ ನೋಡಿದೆ. ಮರುದಿನವೂ ನೋಡಿದೆ.

ಈಗ ಹೇಳಹೊರಟಿರುವುದು ಆ ಬೆಟ್ಟದ ಮೇಲೆ ನೂರು ವರ್ಷಕ್ಕೂ ಹಿಂದೆ ಸೈಕಲ್ ಹೊತ್ತು ನಡೆದ ಒಬ್ಬನ ಕಥೆ. ಹೆಸರು ಯುಜೆನ್ ಕ್ರಿಸ್ತೋಫ್. ಆತ ಟೂರ್ ಡಿ ಫ್ರಾನ್ಸ್ ಒಮ್ಮೆಯೂ ಗೆಲ್ಲಲಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯಲ್ಲಿ ಗೆಲ್ಲುತ್ತಾನೆ ಅಂದುಕೊಂಡು ಓದಿದರೆ ನಿರಾಸೆಯಾದೀತು.

ಒಂದೇ ದಿನದ ಓಟವಲ್ಲ

ಕಥೆಗೆ ಮುಂಚೆ ಆಟ ಏನು ಅಂತ ತಿಳಿಯಬೇಕು. ಟೂರ್ ಡಿ ಫ್ರಾನ್ಸ್ ಒಂದು ಹಂತಗಳ ಓಟ. ಈಗಿನ ಲೆಕ್ಕದಲ್ಲಿ 21 ಹಂತ, ಒಂದೊಂದು ದಿನಕ್ಕೆ ಒಂದೊಂದು, ನಡುವೆ ಎರಡು ದಿನ ಬಿಡುವು. ಒಟ್ಟು ಮೂರು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ಪ್ರತಿದಿನ ಒಬ್ಬೊಬ್ಬರು ತೆಗೆದುಕೊಂಡ ಸಮಯವನ್ನು ಕೂಡಿಸುತ್ತಾ ಹೋಗುತ್ತಾರೆ. ಕೊನೆಗೆ ಯಾರ ಮೊತ್ತ ಕಡಿಮೆಯೋ ಅವರೇ ವಿಜೇತರು. ಹಾಗಾಗಿ ಒಂದೂ ದಿನ ಮೊದಲು ಗುರಿ ಮುಟ್ಟದೆ ಇಡೀ ಟೂರ್ ಗೆಲ್ಲಬಹುದು. ಹದಿನಾಲ್ಕು ದಿನ ಚೆನ್ನಾಗಿ ತುಳಿದು ಹದಿನೈದನೇ ದಿನ ಅರ್ಧ ತಾಸು ಕಳೆದುಕೊಂಡರೆ ಎಲ್ಲವೂ ಮುಗಿಯಬಹುದು.

ನಮ್ಮ ಕಡೆಯ ಲೆಕ್ಕದಲ್ಲಿ ಹೇಳುತ್ತೇನೆ. ಕೂಡ್ಲಿಗಿಯಲ್ಲಿ ಹೊರಟು ಮೊದಲ ದಿನ ಕೊಟ್ಟೂರು, ಎರಡನೇ ದಿನ ಹರಪನಹಳ್ಳಿ, ಮೂರನೇ ದಿನ ಹಡಗಲಿ, ನಾಲ್ಕನೇ ದಿನ ಹಗರಿಬೊಮ್ಮನಹಳ್ಳಿ, ಐದನೇ ದಿನ ಮತ್ತೆ ಕೂಡ್ಲಿಗಿ. ಐದು ದಿನದ ಸಮಯ ಕೂಡಿಸಿ. ಹಡಗಲಿಯ ಬಯಲಿನಲ್ಲಿ ಎದುರುಗಾಳಿ ಬಂದರೆ ಒಬ್ಬರ ಹಿಂದೆ ಒಬ್ಬರು ಅವಿತು ತುಳಿಯಬೇಕು, ಮುಂದಿನವನಿಗೆ ಗಾಳಿ, ಹಿಂದಿನವನಿಗೆ ಆರಾಮ. ಮುಂದೆ ಯಾರು, ಹಿಂದೆ ಯಾರು, ಯಾವಾಗ ಬದಲಾಗಬೇಕು, ಇದರಲ್ಲೇ ಇಡೀ ಆಟ ಇದೆ. ಒಂದು ತಂಡದಲ್ಲಿ ಒಬ್ಬ ಗೆಲ್ಲುವುದಕ್ಕಾಗಿ ಉಳಿದವರೆಲ್ಲ ಗಾಳಿಗೆ ಎದೆ ಕೊಡುತ್ತಾರೆ. ಅವರ ಹೆಸರು ಯಾರಿಗೂ ನೆನಪಿರುವುದಿಲ್ಲ.

ಇನ್ನೊಂದು ವಿಷಯ ನನಗೆ ಬಹಳ ಇಷ್ಟ. ಈ ಆಟಕ್ಕೆ ಟಿಕೆಟ್ ಇಲ್ಲ, ಸ್ಟೇಡಿಯಂ ಇಲ್ಲ. ಜನ ಬೆಳಗ್ಗೆಯೇ ಬಂದು ರಸ್ತೆ ಬದಿಯಲ್ಲಿ ಬುತ್ತಿ ಬಿಚ್ಚಿ ಕೂರುತ್ತಾರೆ. ಸೈಕಲ್‌ಗಳು ಬಂದಾಗ ಸರ್ ಅಂತ ಕಣ್ಣು ಮುಚ್ಚಿ ತೆರೆಯುವುದರೊಳಗೆ ಹಾದುಹೋಗುತ್ತವೆ. ಅಷ್ಟಕ್ಕಾಗಿ ದಿನವಿಡೀ ಕಾಯುವುದು ನಮಗೆ ಹೊಸದೇನಲ್ಲ. ಕೊಟ್ಟೂರೇಶ್ವರನ ತೇರು ನೋಡಲು ಬರುವವರೂ ಹಾಗೆಯೇ ಕಾಯುತ್ತಾರೆ. ತೇರಿಗೆ ಮುಂಚೆ ದಾವಣಗೆರೆಯಿಂದ ನಮ್ಮೂರಿಗೆ ಪಾದಯಾತ್ರೆ ಬರುತ್ತದೆ. ದಾರಿಯುದ್ದಕ್ಕೂ ಹಳ್ಳಿಯವರು ನೀರು, ಮಜ್ಜಿಗೆ, ಊಟ ಇಟ್ಟುಕೊಂಡು ನಿಂತಿರುತ್ತಾರೆ. ಪರಿಚಯವೇ ಇಲ್ಲದವರ ಕಾಲಿಗೆ ಎಣ್ಣೆ ತಿಕ್ಕುತ್ತಾರೆ. ಫ್ರಾನ್ಸಿನ ಬೆಟ್ಟದ ರಸ್ತೆಯಲ್ಲಿ ನೀರಿನ ಬಾಟಲಿ ಹಿಡಿದು ನಿಂತ ಅಜ್ಜಿಯರನ್ನು ಕಂಡಾಗ ನನಗೆ ನೆನಪಾಗುವುದು ಅದೇ.

ಬೀಗ ಮಾಡುತ್ತಿದ್ದ ಹುಡುಗ

ಕ್ರಿಸ್ತೋಫ್ ಹುಟ್ಟಿದ್ದು 1885ರ ಜನವರಿ 22ರಂದು, ಪ್ಯಾರಿಸ್ ಪಕ್ಕದ ಮಾಲಕೋಫ್ ಎಂಬಲ್ಲಿ. ಸೈಕಲ್ ಸವಾರನಾಗುವ ಮುಂಚೆ ಆತ ಬೀಗ ಮಾಡುವ ಕೆಲಸಗಾರ. ಅರ ಹಿಡಿದು ಕಬ್ಬಿಣ ತಿಕ್ಕುವುದು, ತೂತು ಕೊರೆಯುವುದು, ಕಾಯಿಸಿ ಬಡಿಯುವುದು ಕೈಗೆ ಹತ್ತಿದ ವಿದ್ಯೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆತ ಹದಿಹರೆಯದವನಾಗಿದ್ದಾಗ, 1903ರಲ್ಲಿ, ಲೋತೊ ಎಂಬ ಕ್ರೀಡಾ ಪತ್ರಿಕೆ ತನ್ನ ಮಾರಾಟ ಹೆಚ್ಚಿಸಿಕೊಳ್ಳಲು ಟೂರ್ ಡಿ ಫ್ರಾನ್ಸ್ ಶುರುಮಾಡಿತು. ಸಂಪಾದಕ ಹೆನ್ರಿ ದೆಗ್ರಾಂಜ್. ಮೊದಲ ವರ್ಷ ಆರೇ ಹಂತ. ಗೆದ್ದ ಮೊರಿಸ್ ಗರಾಂ ಹಿಂದೆ ಚಿಮಣಿ ಗುಡಿಸುತ್ತಿದ್ದವನು. ಆ ಕಾಲದ ಸವಾರರು ಬಹುತೇಕ ಇಂಥವರೇ. ದುಡಿಯುವ ಮನೆಯ ಹುಡುಗರಿಗೆ ಸೈಕಲ್ ಅಂದರೆ ಬೇರೊಂದು ಬದುಕಿಗೆ ಹೋಗುವ ಗಾಡಿ. ಈಗ ನಮಗೆ ಸರ್ಕಾರಿ ನೌಕರಿ ಹೇಗೋ ಹಾಗೆ.

ಕ್ರಿಸ್ತೋಫ್ 1906ರಲ್ಲಿ ಮೊದಲ ಸಲ ಟೂರ್ ಪೂರೈಸಿ ಒಂಬತ್ತನೆಯವನಾದ. ಆದರೆ ಹೆಸರು ಬಂದದ್ದು ಇಟಲಿಯ ಒಂದು ದಿನದ ಓಟದಲ್ಲಿ. 1910ರ ಏಪ್ರಿಲ್ 3, ಮಿಲಾನ್‌ನಿಂದ ಸ್ಯಾನ್ ರೆಮೊ ತನಕ ಸುಮಾರು 290 ಕಿ.ಮೀ. ಅವತ್ತು ಘಟ್ಟದಲ್ಲಿ ಹಿಮ ಸುರಿಯಿತು. ಕೈಕಾಲು ಮರಗಟ್ಟಿ ಆತ ರಸ್ತೆ ಬದಿಯಲ್ಲೇ ನಿಂತುಬಿಟ್ಟ. ದಾರಿಹೋಕನೊಬ್ಬ ಕರೆದೊಯ್ದು ಬೆಂಕಿಯ ಮುಂದೆ ನಿಲ್ಲಿಸಿ, ಒಣಗಿದ ಪ್ಯಾಂಟ್ ಕೊಟ್ಟ. ಸ್ವಲ್ಪ ಜೀವ ಬಂದದ್ದೇ ಮತ್ತೆ ಸೈಕಲ್ ಏರಿದ. ಹನ್ನೆರಡು ಗಂಟೆಗೂ ಮೀರಿ ತುಳಿದು ಮೊದಲನೆಯವನಾಗಿ ಬಂದ. ಹೊರಟ ಅರವತ್ತು ಚಿಲ್ಲರೆ ಮಂದಿಯಲ್ಲಿ ಗುರಿ ಮುಟ್ಟಿದವರು ಬೆರಳೆಣಿಕೆಯಷ್ಟು. ಗೆದ್ದವನು ಅಲ್ಲಿಂದ ಹೋದದ್ದು ಆಸ್ಪತ್ರೆಗೆ. ಪೂರ್ತಿ ಸುಧಾರಿಸಿಕೊಳ್ಳಲು ಬಹಳ ಕಾಲ ಹಿಡಿಯಿತು.

1912ರಲ್ಲಿ ಟೂರ್‌ನಲ್ಲಿ ಮೂರು ಹಂತ ಗೆದ್ದ. ಅದರಲ್ಲೊಂದು ಹಂತದಲ್ಲಿ 315 ಕಿ.ಮೀ. ಒಬ್ಬನೇ ಮುಂದೆ ಹೋಗಿ ಗೆದ್ದ. ಆದರೂ ಒಟ್ಟಾರೆ ಎರಡನೇ ಸ್ಥಾನ. ಆಗ ಸಮಯ ಕೂಡಿಸುವ ಪದ್ಧತಿ ಇರಲಿಲ್ಲ. ಬಂದ ಸ್ಥಾನಕ್ಕೆ ತಕ್ಕಂತೆ ಅಂಕ ಕೊಡುತ್ತಿದ್ದರು. ಒಂದು ತಾಸು ಮುಂದೆ ಬಂದರೂ ಒಂದು ಗೇಣು ಮುಂದೆ ಬಂದರೂ ಅಂಕ ಒಂದೇ. ಬೆಲ್ಜಿಯಂನ ಒದಿಲ್ ದೆಫ್ರೆ ಗೆದ್ದ. ಮರುವರ್ಷ ನಿಯಮ ಬದಲಾಯಿತು, ಮತ್ತೆ ಸಮಯದ ಲೆಕ್ಕ ಬಂತು. ಕ್ರಿಸ್ತೋಫ್‌ಗೆ 28 ವರ್ಷ. ಈ ಸಲ ಅವನದೇ ಅಂತ ಬಹಳ ಜನ ಅಂದುಕೊಂಡಿದ್ದರು.

ಟೂರ್ಮಲೆ ಇಳಿಜಾರು

1913ರ ಜುಲೈ 9. ಆರನೇ ಹಂತ, ಬಾಯೋನ್‌ನಿಂದ ಲೂಶೋಂ ತನಕ 326 ಕಿ.ಮೀ. ಒಂದೇ ದಿನಕ್ಕೆ. ನಮ್ಮ ಐದು ತಾಲ್ಲೂಕು ಕೇಂದ್ರಗಳನ್ನು ಒಂದು ಸುತ್ತು ಹಾಕಿ ಬಂದರೂ ಅಷ್ಟು ದೂರ ಆಗುವುದಿಲ್ಲ. ಕೂಡ್ಲಿಗಿಯಿಂದ ಬೆಂಗಳೂರೂ ಅಷ್ಟಿಲ್ಲ. ಅದೂ ಪಿರೆನೀಸ್ ಪರ್ವತದ ಮೇಲೆ, ಮಣ್ಣು ಕಲ್ಲಿನ ರಸ್ತೆಯಲ್ಲಿ. ಈಗಿನಂತೆ ಗೇರ್ ಬದಲಿಸುವ ಸಾಧನಕ್ಕೆ ಟೂರ್‌ನಲ್ಲಿ ಅನುಮತಿ ಸಿಕ್ಕಿದ್ದು 1937ರಲ್ಲಿ. ಅದಕ್ಕೆ ಮುಂಚೆ ಬೆಟ್ಟ ಬಂದರೆ ಇಳಿದು ಹಿಂದಿನ ಗಾಲಿ ಬಿಚ್ಚಿ ತಿರುಗಿಸಿ ಹಾಕಿಕೊಳ್ಳಬೇಕಿತ್ತು.

ಹಿಂದಿನ ವರ್ಷ ಗೆದ್ದಿದ್ದ ದೆಫ್ರೆ ಆ ದಿನವೇ ಓಟ ಬಿಟ್ಟ. ಟೂರ್ಮಲೆ ಕಣಿವೆಯ ನೆತ್ತಿ 2,115 ಮೀಟರ್ ಎತ್ತರ. ಅದನ್ನು ಕ್ರಿಸ್ತೋಫ್ ತನ್ನ ತಂಡದವನೇ ಆದ ಫಿಲಿಪ್ ತೀಸ್‌ನ ಹಿಂದೆಯೇ ದಾಟಿದ. ಲೆಕ್ಕ ಹಾಕಿದರೆ ಇಡೀ ಟೂರ್‌ನಲ್ಲಿ ಆ ಕ್ಷಣಕ್ಕೆ ಮುಂದಿದ್ದವನು ಆತನೇ. ಇಳಿಜಾರು ಶುರುವಾಯಿತು. ಸ್ವಲ್ಪ ದೂರ ಹೋದಂತೆ ಹ್ಯಾಂಡಲ್ ಸಡಿಲವಾದಂತಾಯಿತು. ಮುಂದಿನ ಗಾಲಿಯನ್ನು ಎರಡೂ ಬದಿಯಿಂದ ಹಿಡಿದಿರುತ್ತದಲ್ಲ ಕವೆಯಂಥ ಭಾಗ, ಆ ಫೋರ್ಕ್ ಮುರಿದಿತ್ತು.

ಈಗಾದರೆ ಹಿಂದೆಯೇ ತಂಡದ ಕಾರು ಬರುತ್ತದೆ. ಅರ್ಧ ನಿಮಿಷದಲ್ಲಿ ಹೊಸ ಸೈಕಲ್ ಕೊಟ್ಟು ಬೆನ್ನು ತಳ್ಳಿ ಕಳಿಸುತ್ತಾರೆ. ದೆಗ್ರಾಂಜ್ ಕಾಲದಲ್ಲಿ ಹಾಗಿರಲಿಲ್ಲ. ಸವಾರ ಯಾರ ಸಹಾಯವನ್ನೂ ಪಡೆಯುವಂತಿಲ್ಲ, ಕೆಟ್ಟದ್ದನ್ನು ತಾನೇ ರಿಪೇರಿ ಮಾಡಿಕೊಳ್ಳಬೇಕು. ಕ್ರಿಸ್ತೋಫ್ ಸೈಕಲನ್ನು ಹೆಗಲಿಗೆ ಹಾಕಿ, ಗಾಲಿಯನ್ನು ಕೈಯಲ್ಲಿ ಹಿಡಿದು ನಡೆಯತೊಡಗಿದ. ಹತ್ತು ಕಿಲೋಮೀಟರಿಗೂ ಹೆಚ್ಚು ದಾರಿ. ಹಿಂದೆ ಹಾಕಿ ಬಂದವರೆಲ್ಲ ಒಬ್ಬೊಬ್ಬರಾಗಿ ದಾಟಿ ಹೋದರು. ಕೆಳಗೆ ಸೇಂಟ್ ಮೇರಿ ದ ಕಾಂಪಾನ್ ಎಂಬ ಹಳ್ಳಿಯಲ್ಲಿ ಒಂದು ಕುಲುಮೆ ಸಿಕ್ಕಿತು.

ಕಮ್ಮಾರ ತಾನೇ ಬೆಸೆದು ಕೊಡಲು ಮುಂದೆ ಬಂದ. ಆದರೆ ಅಷ್ಟರಲ್ಲಿ ಓಟದ ಅಧಿಕಾರಿ, ಎದುರಾಳಿ ತಂಡಗಳವರು ಬಂದು ಬಾಗಿಲಲ್ಲಿ ನಿಂತಿದ್ದರು. ನಿಯಮ ಮೀರುತ್ತಾನೋ ಅಂತ ನೋಡುವುದೇ ಅವರ ಕೆಲಸ. ಹಾಗಾಗಿ ಕಮ್ಮಾರ ಬಾಯಲ್ಲಿ ಹೇಳಿದ, ಕ್ರಿಸ್ತೋಫ್ ಕೈಯಲ್ಲಿ ಮಾಡಿದ. ಬೀಗ ಮಾಡುತ್ತಿದ್ದ ಹಳೆಯ ಕೈ ಅಲ್ಲಿ ಉಪಯೋಗಕ್ಕೆ ಬಂತು. ಸುಮಾರು ಮೂರು ತಾಸು ಹಿಡಿಯಿತು. ಆ ನಡುವೆ ಹಸಿವಾಗಿ ಊಟಕ್ಕೆ ಹೋಗಲು ನೋಡಿದ ಕಾವಲಿನವರನ್ನು ಕ್ರಿಸ್ತೋಫೇ ಕದಲಗೊಡಲಿಲ್ಲ ಎಂಬ ಕಥೆಯೂ ಇದೆ. ನನ್ನನ್ನು ಕಾಯಲು ಬಂದವರು ಪೂರ್ತಿ ಕಾಯಿರಿ ಎಂಬ ಸಿಟ್ಟು ಇರಬೇಕು.

ಅಪ್ಪನ ಪ್ರಶ್ನೆಗಳು

ಈ ಘಟನೆ ಓದಿದ ದಿನ ನಾನು ಅಪ್ಪನಿಗೆ ಹೇಳಿದೆ. ಅಪ್ಪನಿಗೆ ಟೂರ್ ಬೇಕಾಗಿಲ್ಲ, ಪ್ಯಾರಿಸ್ ಬೇಕಾಗಿಲ್ಲ. ಅವರು ಮೊದಲು ಕೇಳಿದ್ದು ಮುರಿದದ್ದು ಎಲ್ಲಿ, ಕುತ್ತಿಗೆ ಹತ್ತಿರವೋ ಕೆಳಗೋ ಅಂತ. ಕುತ್ತಿಗೆ ಹತ್ತಿರ ಅಂದೆ. ತಲೆ ಅಲ್ಲಾಡಿಸಿದರು. ಅಲ್ಲಿಯೇ ಭಾರ ಎಲ್ಲ ಕೂರುವುದು, ಅಲ್ಲಿ ಮುರಿದರೆ ಮೇಲೆ ಮೇಲೆ ಬೆಸೆದರೆ ನಿಲ್ಲುವುದಿಲ್ಲ, ಒಳಗೊಂದು ತುಂಡು ಪೈಪ್ ಕೂರಿಸಿ ಬೆಸೆಯಬೇಕು ಅಂದರು. ಸೈಕಲ್ಲಿನ ಪೈಪ್ ತೆಳು. ಕಾವು ಕಡಿಮೆಯಾದರೆ ಹಿಡಿಯುವುದಿಲ್ಲ, ಜಾಸ್ತಿಯಾದರೆ ಸುಟ್ಟು ತೂತು ಬೀಳುತ್ತದೆ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಇನ್ನೊಂದು ಕೇಳಿದರು. ಒಂದು ಕೈಯಲ್ಲಿ ಇಕ್ಕಳ, ಇನ್ನೊಂದು ಕೈಯಲ್ಲಿ ಸುತ್ತಿಗೆ, ಹಾಗಾದರೆ ತಿದಿ ಊದಿದವರು ಯಾರು?

ನಾನು ಬೆರಗಾದೆ. ಕಥೆಯ ಮುಖ್ಯ ತಿರುವೇ ಅದು. ತಿದಿ ಊದಿದ್ದು ಕುಲುಮೆಯಲ್ಲಿದ್ದ ಒಬ್ಬ ಪುಟ್ಟ ಹುಡುಗ. ಮೂರನೇ ಕೈ ಇಲ್ಲದ ಕ್ರಿಸ್ತೋಫ್‌ಗೆ ಬೇರೆ ದಾರಿ ಇರಲಿಲ್ಲ. ಬಾಗಿಲಲ್ಲಿ ನಿಂತವರು ಅದನ್ನೂ ಬರೆದುಕೊಂಡರು. ಹೊರಗಿನವರ ಸಹಾಯ ಪಡೆದ ತಪ್ಪಿಗೆ ಹತ್ತು ನಿಮಿಷ ದಂಡ ಹಾಕಿದರು, ಆಮೇಲೆ ಅದನ್ನು ಮೂರು ನಿಮಿಷಕ್ಕೆ ಇಳಿಸಿದರು. ನಾಲ್ಕು ತಾಸಿನ ಹತ್ತಿರ ಕಳೆದುಕೊಂಡವನಿಗೆ ಮೂರು ನಿಮಿಷದ ದಂಡ!

ಅಪ್ಪ ನಕ್ಕರು. ನಕ್ಕು ನನ್ನ ಕಡೆ ನೋಡಿದರು. ಕಾರಣ ನನಗೂ ಗೊತ್ತಿತ್ತು. ನಮ್ಮಜ್ಜನದು ಹಳ್ಳಿಯಲ್ಲಿ ಕುಲುಮೆ. ರಜೆಯಲ್ಲಿ ಹೋದಾಗ ಅಜ್ಜ ನನ್ನ ಕೈಗೆ ಗಾಳಿ ಯಂತ್ರದ ಹಿಡಿ ಕೊಡುತ್ತಿದ್ದರು. ಕುಂಟೆಯ ಕುಡ ಕೆಂಪಾಗುವ ತನಕ ತಿರುಗಿಸಬೇಕು. ನಿಲ್ಲಿಸಿದರೆ ಬೈಗುಳ, ಜೋರಾಗಿ ತಿರುಗಿಸಿದರೆ ಕಿಡಿ ಹಾರಿ ಮತ್ತೆ ಬೈಗುಳ. ಆಗ ಖುಷಿಯಿಂದ ಮಾಡಿದ್ದೆ. ಹೈಸ್ಕೂಲಿಗೆ ಬಂದ ಮೇಲೆ ಅದನ್ನು ಯಾರಿಗೂ ಹೇಳಲಿಲ್ಲ. ಕಾಲೇಜಿನಲ್ಲಿ ಅಪ್ಪ ಏನು ಮಾಡುತ್ತಾರೆ ಅಂದರೆ ಬಿಸಿನೆಸ್ ಅನ್ನುತ್ತಿದ್ದೆ. ಮಸಿ ಹತ್ತದ ಕೆಲಸ ಸಿಗಲಿ ಅಂತಲೇ ಓದಿದ್ದು, ಅಪ್ಪ ಓದಿಸಿದ್ದು. ಅದು ತಪ್ಪು ಅಂತ ಈಗಲೂ ನಾನು ಹೇಳುವುದಿಲ್ಲ. ಆದರೆ ಕ್ರಿಸ್ತೋಫ್ ಆ ಕುಲುಮೆಯಿಂದ ಎದ್ದು ಹೋಗಲು ಆದದ್ದು ಅವನ ಕಾಲಿನ ಬಲದಿಂದಲ್ಲ, ಬಿಟ್ಟುಬಂದಿದ್ದ ಕೆಲಸದಿಂದ. ಆ ರಾತ್ರಿ ಇದೇ ತಲೆಯಲ್ಲಿ ಸುತ್ತುತ್ತಿತ್ತು.

ಬೆಸೆದ ಸೈಕಲ್ ಏರಿ ಆತ ಉಳಿದ ಎರಡು ಬೆಟ್ಟ ದಾಟಿದ. ಲೂಶೋಂ ಮುಟ್ಟುವಾಗ ತೀಸ್‌ಗಿಂತ 3 ತಾಸು 50 ನಿಮಿಷ ಹಿಂದಿದ್ದ. ಆಶ್ಚರ್ಯವೆಂದರೆ ಆ ದಿನ ಕೊನೆಯವನೂ ಆತನಲ್ಲ. ಟೂರ್ ಬಿಡಲಿಲ್ಲ. ಆ ವರ್ಷ 140 ಮಂದಿ ಹೊರಟು ಪ್ಯಾರಿಸ್ ಮುಟ್ಟಿದವರು 25. ಕ್ರಿಸ್ತೋಫ್ ಏಳನೆಯವನು. ಗೆದ್ದವನು ತೀಸ್.

ಹಳದಿ ಅಂಗಿ

1914ರ ಟೂರ್ ಹೊರಟ ದಿನವೇ, ಜೂನ್ 28ರಂದು, ಸಾರಾಯೆವೊದಲ್ಲಿ ಆಸ್ಟ್ರಿಯಾದ ಯುವರಾಜನ ಹತ್ಯೆಯಾಯಿತು. ಓಟ ಮುಗಿದ ಕೆಲವೇ ದಿನಗಳಲ್ಲಿ ಮೊದಲ ಮಹಾಯುದ್ಧ ಶುರು. ನಾಲ್ಕು ವರ್ಷ ಟೂರ್ ಇಲ್ಲ. ಹಿಂದೆ ಗೆದ್ದಿದ್ದ ಫಾಬೆರ್, ಲಪೀಜ್, ಪೆತಿ ಬ್ರೆತೋಂ ಮೂವರೂ ಯುದ್ಧಕಾಲದಲ್ಲಿ ತೀರಿಕೊಂಡರು. ಕ್ರಿಸ್ತೋಫ್ ಕೂಡ ಸೇನೆಯಲ್ಲಿದ್ದ, ಬದುಕಿ ಬಂದ. ಒಬ್ಬ ಸವಾರನ ಅತ್ಯುತ್ತಮ ವರ್ಷಗಳು ಹಾಗೆ ಹೋದವು. ವಯೋಮಿತಿ ಮೀರುವುದು ಅಂದರೆ ಏನು ಅಂತ ನಮ್ಮ ಓದುಗರಿಗೆ ವಿವರಿಸಬೇಕಿಲ್ಲ.

1919ರಲ್ಲಿ ಟೂರ್ ಮತ್ತೆ ಶುರುವಾದಾಗ ಆತನಿಗೆ 34. ರಸ್ತೆಗಳು ಬಾಂಬಿನಿಂದ ಹಾಳಾಗಿದ್ದವು. ಸೈಕಲ್ ಕಂಪನಿಗಳ ಹತ್ತಿರ ದುಡ್ಡಿರಲಿಲ್ಲ. ಅವೆಲ್ಲ ಸೇರಿ ಒಂದೇ ಒಕ್ಕೂಟ ಮಾಡಿಕೊಂಡಿದ್ದರಿಂದ ಬಹುತೇಕ ಸವಾರರ ಅಂಗಿಯ ಬಣ್ಣ ಒಂದೇ, ಬೂದು. ರಸ್ತೆ ಬದಿಯ ಜನಕ್ಕೆ ಯಾರು ಮುಂದಿದ್ದಾರೆ ಅಂತಲೇ ತಿಳಿಯುತ್ತಿರಲಿಲ್ಲ. ಅದಕ್ಕೆ ದೆಗ್ರಾಂಜ್ ಮುಂದಿರುವವನಿಗೆ ಬೇರೆ ಬಣ್ಣದ ಅಂಗಿ ಕೊಡಲು ತೀರ್ಮಾನಿಸಿದ. ಲೋತೊ ಪತ್ರಿಕೆ ಅಚ್ಚಾಗುತ್ತಿದ್ದುದು ಹಳದಿ ಕಾಗದದಲ್ಲಿ. ಜುಲೈ 19ರಂದು ಗ್ರೆನೋಬ್ಲ್‌ನಲ್ಲಿ ಮೊದಲ ಹಳದಿ ಅಂಗಿ ತೊಟ್ಟವನು ಯುಜೆನ್ ಕ್ರಿಸ್ತೋಫ್. ಇವತ್ತು ಆ ಅಂಗಿಗಾಗಿ ಸವಾರರು ಜೀವ ಕೊಡುತ್ತಾರೆ. ಅವತ್ತು ಜನ ಅವನನ್ನು ಕ್ಯಾನರಿ ಹಕ್ಕಿ ಅಂತ ಛೇಡಿಸಿದರು. ಆತನಿಗೂ ಅದು ಅಷ್ಟೇನೂ ಇಷ್ಟವಾಗಲಿಲ್ಲವಂತೆ.

ಇನ್ನು ಎರಡೇ ಹಂತ. ಎರಡನೆಯವನಾಗಿದ್ದ ಬೆಲ್ಜಿಯಂನ ಫಿರ್ಮ್ಯಾನ್ ಲಾಂಬೋಗಿಂತ ಅರ್ಧ ತಾಸಿನಷ್ಟು ಮುನ್ನಡೆ. ಕೊನೆಯದರ ಹಿಂದಿನ ಹಂತ ಮೆಟ್ಜ್‌ನಿಂದ ಡನ್ಕರ್ಕ್, 468 ಕಿ.ಮೀ. ಯುದ್ಧ ನಡೆದ ನೆಲದ ಮೇಲೆ, ಕಲ್ಲು ಹಾಸಿದ ಒರಟು ರಸ್ತೆ. ವಲೆನ್ಸಿಯೆನ್ ಹತ್ತಿರ ಮತ್ತೆ ಫೋರ್ಕ್ ಮುರಿಯಿತು.

ಹೌದು, ಮತ್ತೆ. ಈ ಸಲ ಹತ್ತಿರದಲ್ಲೇ ಒಂದು ಕಾರ್ಖಾನೆ ಸಿಕ್ಕಿತು. ನಿಯಮ ಅದೇ. ತಾನೇ ಬೆಸೆದುಕೊಂಡ. ಒಂದು ತಾಸಿಗೂ ಮೀರಿ ಹೋಯಿತು. ಎದ್ದು ಹೊರಡುವ ಹೊತ್ತಿಗೆ ಲಾಂಬೋ ಎಲ್ಲೋ ಹೋಗಿದ್ದ. ಮೂರು ವಾರ ಹೊತ್ತ ಮುನ್ನಡೆ ಒಂದು ಮಧ್ಯಾಹ್ನದಲ್ಲಿ ಇಲ್ಲವಾಯಿತು. ಕೊನೆಯ ದಿನವೂ ಅದೃಷ್ಟ ಕೈಕೊಟ್ಟಿತು. ಗಾಲಿಯ ಟ್ಯೂಬ್ ಮೇಲಿಂದ ಮೇಲೆ ಪಂಕ್ಚರ್. ಒಟ್ಟಾರೆ ಮೂರನೇ ಸ್ಥಾನ. ಆ ವರ್ಷ ಪ್ಯಾರಿಸ್ ಮುಟ್ಟಿದವರೇ 11 ಮಂದಿ. ಅದರಲ್ಲಿ ಒಬ್ಬನನ್ನು ಆಮೇಲೆ ಅನರ್ಹಗೊಳಿಸಿದರು.

ಆಮೇಲೆ ನಡೆದದ್ದು ನನಗೆ ಬಹಳ ಹಿಡಿಸಿದ ಭಾಗ. ಲೋತೊ ಪತ್ರಿಕೆ ಓದುಗರಿಂದ ಹಣ ಕೂಡಿಸಿತು. ಯುದ್ಧ ಮುಗಿದು ವರ್ಷವೂ ಆಗಿರದ ಬಡ ದೇಶ. ಆದರೂ ಜನ ಚಿಲ್ಲರೆ ಚಿಲ್ಲರೆಯಾಗಿ ಕಳಿಸಿದರು. ಕೊಟ್ಟವರ ಹೆಸರುಗಳನ್ನು ಅಚ್ಚುಹಾಕಲು ಪುಟಗಟ್ಟಲೆ ಜಾಗ ಬೇಕಾಯಿತು. ಗೆದ್ದವನಿಗೆ ಸಿಕ್ಕ ಬಹುಮಾನಕ್ಕಿಂತ ಹೆಚ್ಚು ಹಣ ಮೂರನೆಯವನಿಗೆ ಸಿಕ್ಕಿತು. ಜನ ದುಡ್ಡು ಕೊಟ್ಟದ್ದು ಕರುಣೆಯಿಂದ ಅಂತ ನನಗನ್ನಿಸುವುದಿಲ್ಲ. ರಸ್ತೆ ಬದಿಯಲ್ಲಿ ನಿಂತವರಿಗೆ ಯಾರು ಏನು ಮಾಡಿದರು ಅಂತ ಕಣ್ಣಾರೆ ಗೊತ್ತಿರುತ್ತದೆ. ಪಟ್ಟಿಯಲ್ಲಿ ಬಂದ ಹೆಸರು ಒಂದು ಲೆಕ್ಕ, ಜನ ನೋಡಿದ್ದು ಇನ್ನೊಂದು ಲೆಕ್ಕ.

ಮೂರನೇ ಸಲ

ಇಷ್ಟಕ್ಕೆ ಸಾಕು ಅಂದುಕೊಂಡಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಆತ ನಿಲ್ಲಿಸಲಿಲ್ಲ. 1920, 1921ರಲ್ಲಿ ಬೋರ್ದೋದಿಂದ ಪ್ಯಾರಿಸ್‌ಗೆ ನಡೆಯುವ ದೀರ್ಘ ಓಟವನ್ನು ಸತತ ಎರಡು ಸಲ ಗೆದ್ದ. ಕೆಸರು ಗದ್ದೆಗಳಲ್ಲಿ ಸೈಕಲ್ ಹೊತ್ತು ಓಡುವ ಸೈಕ್ಲೋಕ್ರಾಸ್‌ನಲ್ಲಿ ಏಳು ಸಲ ಫ್ರಾನ್ಸಿನ ಚಾಂಪಿಯನ್. ಅಂದರೆ ಗೆಲ್ಲಲು ಬಾರದವನೇನಲ್ಲ. ಒಂದು ಟೂರ್ ಮಾತ್ರ ಒಲಿಯಲಿಲ್ಲ.

1922ರಲ್ಲಿ, 37ನೇ ವಯಸ್ಸಿನಲ್ಲಿ, ಮತ್ತೆ ಹಳದಿ ಅಂಗಿ ತೊಟ್ಟ. ಕೆಲವು ದಿನ ಮುನ್ನಡೆಯೂ ಇತ್ತು. ಮುನ್ನಡೆ ಕೈಬಿಟ್ಟ ಮೇಲೆ ಆಲ್ಪ್ಸ್‌ನ ಗಲಿಬಿಯೆ ಬೆಟ್ಟ ಇಳಿಯುವಾಗ ಫೋರ್ಕ್ ಮುರಿಯಿತು. ಮೂರನೇ ಸಲ. ಒಟ್ಟಾರೆ ಎಂಟನೆಯವನಾಗಿ ಮುಗಿಸಿದ. ಆ ವರ್ಷ ಗೆದ್ದವನೂ ಲಾಂಬೋನೇ. ಕ್ರಿಸ್ತೋಫ್ ಕೊನೆಯ ಟೂರ್ ತುಳಿದದ್ದು 1925ರಲ್ಲಿ, ನಲವತ್ತು ತುಂಬಿದ ಮೇಲೆ. 18ನೇ ಸ್ಥಾನ.

ಪೆಡಲ್ ಮೇಲೆ ಪಾದ ಜಾರದಂತೆ ಹಿಡಿದಿಡುವ ಕ್ಲಿಪ್‌ಗಳು ಆತನ ಹೆಸರಿನಲ್ಲಿ ದಶಕಗಳ ಕಾಲ ಮಾರಾಟವಾದವು. ಟೂರ್ ಗೆದ್ದ ಎಷ್ಟೋ ಮಂದಿ ಆತನ ಹೆಸರಿನ ಮೇಲೆ ಪಾದವಿಟ್ಟೇ ಗೆದ್ದಿದ್ದಾರೆ. 1970ರಲ್ಲಿ, 85ನೇ ವಯಸ್ಸಿನಲ್ಲಿ ತೀರಿಕೊಂಡ. ಸೇಂಟ್ ಮೇರಿ ದ ಕಾಂಪಾನ್‌ನ ಕುಲುಮೆಯಿದ್ದ ಜಾಗದಲ್ಲಿ ಫಲಕವಿದೆ. 2014ರಲ್ಲಿ ಆ ಊರಿನಲ್ಲಿ ಆತನ ಪ್ರತಿಮೆಯನ್ನೂ ನಿಲ್ಲಿಸಿದರು. 1913ರಲ್ಲಿ ಗೆದ್ದ ತೀಸ್ ಒಟ್ಟು ಮೂರು ಟೂರ್ ಗೆದ್ದ ದೊಡ್ಡ ಸವಾರ. ಆದರೆ ಆ ವರ್ಷದ ಮಾತು ಬಂದರೆ ಜನ ನೆನೆಯುವುದು ಏಳನೆಯವನನ್ನು.

ಗೆದ್ದವರ ಕಥೆ ಸಾಕಾಗಿತ್ತು

ಸಾಧಕರ ಕಥೆಗಳನ್ನು ನಾನು ಬೇಕಾದಷ್ಟು ಓದಿದ್ದೇನೆ. ಕೋಚಿಂಗ್ ಸೆಂಟರಿನ ಗೋಡೆಯ ಮೇಲೆಲ್ಲ ಅವೇ. ಹತ್ತು ಸಲ ಬಿದ್ದ, ಹನ್ನೊಂದನೇ ಸಲ ಗೆದ್ದ. ಓದುವಾಗ ಮೈ ಜುಮ್ಮೆನ್ನುತ್ತದೆ. ರಾತ್ರಿ ಮಲಗಿದಾಗ ಮಾತ್ರ ಒಂದು ಪ್ರಶ್ನೆ ಏಳುತ್ತದೆ. ಹನ್ನೊಂದನೇ ಸಲವೂ ಆಗದವರು ಎಲ್ಲಿ ಹೋದರು? ಲಕ್ಷಗಟ್ಟಲೆ ಅರ್ಜಿ, ಕೆಲವೇ ನೂರು ಹುದ್ದೆ. ಲೆಕ್ಕವೇ ಹೇಳುತ್ತದೆ, ಬಹಳಷ್ಟು ಮಂದಿಗೆ ಆಗುವುದಿಲ್ಲ. ಅವರೆಲ್ಲ ಕಷ್ಟಪಡಲಿಲ್ಲ ಅಂತಲ್ಲ. ಯಾರದೋ ಫೋರ್ಕ್ ಇಳಿಜಾರಿನಲ್ಲಿ ಮುರಿಯಿತು, ಅಷ್ಟೇ.

ಕ್ರಿಸ್ತೋಫ್ ಕಥೆ ನನಗೆ ಸಮಾಧಾನ ಹೇಳಲಿಲ್ಲ, ಮುಂದಿನ ಸಲ ಗೆಲ್ಲುತ್ತೀಯ ಅಂತಲೂ ಹೇಳಲಿಲ್ಲ. ಮುರಿದ ಕಬ್ಬಿಣಕ್ಕೆ ಶಾಪ ಹಾಕುತ್ತಾ ಬೆಟ್ಟದ ಮೇಲೆ ಕೂತಿರಬೇಕಿಲ್ಲ, ಹೆಗಲಿಗೆ ಹಾಕಿ ಕೆಳಗಿನ ಊರಿನ ತನಕ ನಡೆಯಬಹುದು ಅಂತ ತೋರಿಸಿತು. ಅಲ್ಲಿ ಹೋದ ಮೇಲೆ ಕೈಯಲ್ಲೊಂದು ಕೆಲಸ ಇದ್ದರೆ ಮತ್ತೆ ಹೊರಡಲು ದಾರಿ ಇರುತ್ತದೆ.

ಕೂಡ್ಲಿಗಿಯನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 50ನ್ನೇ ಹಿಡಿದು ಉತ್ತರಕ್ಕೆ ಹೋದರೆ ವಿಜಯಪುರ ಸಿಗುತ್ತದೆ. ವಿಜಯಪುರ, ಬಾಗಲಕೋಟೆ ಕಡೆಯ ರೈತರ, ಕೂಲಿಯವರ ಮಕ್ಕಳು ಸೈಕ್ಲಿಂಗ್‌ನಲ್ಲಿ ರಾಷ್ಟ್ರಮಟ್ಟಕ್ಕೆ ಹೋಗಿದ್ದಾರೆ. ಅವರಲ್ಲಿ ಹುಡುಗಿಯರೂ ಬಹಳ. ಕ್ರೀಡಾ ಕೋಟಾದಲ್ಲಿ ಕೆಲಸ ಸಿಕ್ಕವರೂ ಇದ್ದಾರೆ, ಸಿಗದವರೂ ಇದ್ದಾರೆ. ಒಮ್ಮೆ ಆ ಹೆದ್ದಾರಿಯಲ್ಲಿ ನಮ್ಮ ಬಸ್ಸಿನ ಪಕ್ಕದಲ್ಲೇ ನಾಲ್ಕೈದು ಮಂದಿ ಬಗ್ಗಿ ತುಳಿಯುತ್ತಾ ಹೋದರು. ಒಬ್ಬರ ಹಿಂದೆ ಒಬ್ಬರು, ಗಾಳಿಗೆ ಅವಿತುಕೊಂಡು. ಎಲ್ಲಿಂದ ಬಂದವರೋ ಗೊತ್ತಿಲ್ಲ. ಬಸ್ಸಿನಲ್ಲಿ ಅದು ಏನು ಅಂತ ತಿಳಿದು ನೋಡಿದವಳು ಬಹುಶಃ ನಾನೊಬ್ಬಳೇ. ಕಿಟಕಿಯಿಂದ ಕೈ ಬೀಸಿದೆ.

ಮೂರನೇ ಸಲಕ್ಕೆ ಅರ್ಜಿ ಹಾಕಿದ್ದೇನೆ. ರಾತ್ರಿ ಓದುತ್ತೇನೆ. ಬೆಳಗ್ಗೆ ಹತ್ತರಿಂದ ಮಧ್ಯಾಹ್ನದ ತನಕ ಶಾಪಿನಲ್ಲಿ ಇರುತ್ತೇನೆ, ಬಿಲ್ ಬರೆಯಲು ಮಾತ್ರವಲ್ಲ. ಈಗ ಯಾರಾದರೂ ಕೇಳಿದರೆ ಬಿಸಿನೆಸ್ ಅನ್ನುವುದಿಲ್ಲ, ವೆಲ್ಡಿಂಗ್ ಅನ್ನುತ್ತೇನೆ. ಅಮ್ಮನಿಗೆ ಮೊದಲು ಇಷ್ಟವಿರಲಿಲ್ಲ. ಹೆಣ್ಣುಮಗಳ ಕೈ ಸುಟ್ಟುಕೊಂಡರೆ ಹೇಗೆ ಅಂತ ಗೊಣಗುತ್ತಿದ್ದರು. ಈಗ ದಪ್ಪ ಬಟ್ಟೆಯ ಕೈಚೀಲವೊಂದನ್ನು ಅವರೇ ಹೊಲಿದುಕೊಟ್ಟಿದ್ದಾರೆ, ಕೈಗವಸು ಇಡಲು.

ಹೋದ ವಾರ ಎಂಟನೇ ಕ್ಲಾಸಿನ ಹುಡುಗನೊಬ್ಬ ಸೈಕಲ್ ತಳ್ಳಿಕೊಂಡು ಬಂದ. ಫೋರ್ಕ್ ಅಲ್ಲ, ಹಿಂದಿನ ಕ್ಯಾರಿಯರ್ ಕಡ್ಡಿ ಬಿಟ್ಟುಹೋಗಿತ್ತು. ಅಪ್ಪ ಟಾರ್ಚ್ ನನ್ನ ಕೈಗೆ ಕೊಟ್ಟು ಟೀ ಕುಡಿಯಲು ಹೋದರು. ಹೋದರೋ, ಬೇಕಂತಲೇ ಎದ್ದರೋ ಗೊತ್ತಿಲ್ಲ. ಕಡ್ಡಿ ಅಲುಗುತ್ತಿತ್ತು, ನನಗೆ ಎರಡೇ ಕೈ. ಹುಡುಗನಿಗೆ ಕಪ್ಪು ಕನ್ನಡಕ ಹಾಕಿಸಿ, ದೂರದಿಂದ ಇಕ್ಕಳದಲ್ಲಿ ಹಿಡಿದುಕೋ ಅಂದೆ. ಹಿಡಿದ. ಬೆಸುಗೆ ಸ್ವಲ್ಪ ಅಂಕುಡೊಂಕಾಯಿತು, ಆದರೆ ನಿಂತಿತು.

ಬಾಗಿಲ ಕಡೆ ಒಮ್ಮೆ ತಿರುಗಿ ನೋಡಿದೆ. ದಂಡ ಹಾಕಲು ಯಾರೂ ನಿಂತಿರಲಿಲ್ಲ.